ಗೃಹಸ್ಥರ ಲೆಕ್ಕ: ಮನೆಯ ಕಾರು ಮತ್ತು ಪ್ರಾಯದ ಕೈ

ಹೊಸ ಮೋಟಾರುಗಾಡಿಯು ಮನೆಯಂಗಳಕ್ಕೆ ಬರುವ ದಿನವು ನಮ್ಮ ಕರಾವಳಿಯ ಕುಟುಂಬಗಳಲ್ಲಿ ಇಂದಿಗೂ ಒಂದು ಸಣ್ಣ ಉತ್ಸವವೇ ಸರಿ. ಗಾಡಿಯನ್ನು ದೇವಸ್ಥಾನದ ಎದುರಿಗೆ ನಿಲ್ಲಿಸಿ ಪೂಜೆ ಮಾಡಿಸುವುದು, ಗಾಲಿಗಳಡಿಯಲ್ಲಿ ನಿಂಬೆಹಣ್ಣಿಟ್ಟು ಹಾಯಿಸುವುದು, ನೆರೆಮನೆಯವರಿಗೆ ಸಿಹಿ ಹಂಚುವುದು, ಇವೆಲ್ಲ ನಡೆಯುತ್ತವೆ. ಇದರಲ್ಲಿ ನಾವು ಯಾವ ದೋಷವನ್ನೂ ಕಾಣೆವು. ದುಡಿದು ಕೂಡಿಸಿದ ಹಣದಿಂದ ಒಂದು ಸೌಕರ್ಯವನ್ನು ಪಡೆದವರು ಸಂತೋಷಪಡುವುದು ಸಹಜವಾದುದು.

ಆದರೆ ಗಾಡಿ ಕೊಳ್ಳುವುದಕ್ಕೆ ಮೊದಲು ಮನೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ತಿಂಗಳಿಗೆ ಕಂತು ಎಷ್ಟು ಬೀಳುತ್ತದೆ?" ಕಂತು ಸಂಬಳದೊಳಗೆ ಹಿಡಿಸುವುದಾದರೆ ಉಳಿದುದೆಲ್ಲ ಹೇಗೋ ನಡೆದುಹೋಗುವುದೆಂದು ಭಾವಿಸಲಾಗುತ್ತದೆ. ಅದರಲ್ಲಿಯೂ ಗಾಡಿಯು ಹಿರಿಯರ ಕೈಗಲ್ಲದೆ ಆಗ ತಾನೇ ಲೈಸನ್ಸು ಪಡೆದ ಮಗನ ಅಥವಾ ಮಗಳ ಕೈಗೆ ಹೋಗತಕ್ಕದ್ದಾದರೆ, ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಪ್ರಾಯದ, ಅನುಭವವಿಲ್ಲದ ಕೈಗೆ ಗಾಡಿಯನ್ನು ಕೊಡುವುದರ ವೆಚ್ಚವೆಷ್ಟು, ಮತ್ತು ಅದನ್ನು ಹೊರುವವರು ಯಾರು? ಈ ತಿಂಗಳ ಅಂಕಣದಲ್ಲಿ ಮೊದಲು ಕಣ್ಣಿಗೆ ಕಾಣುವ ಲೆಕ್ಕವನ್ನೂ ಆಮೇಲೆ ಕಾಣದ ಲೆಕ್ಕವನ್ನೂ ವಾಚಕರ ಮುಂದಿಡಲು ಬಯಸುತ್ತೇವೆ.

ಕಾಣುವ ಲೆಕ್ಕ

ಕಾರ್ಕಳದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತೆರಡು ವರ್ಷದ ಮಗನಿಗೆ ಮಣಿಪಾಲದಲ್ಲಿ ಉದ್ಯೋಗ ದೊರೆತಿದೆ. ಬೈಲೂರು, ಹಿರಿಯಡ್ಕ, ಪರ್ಕಳದ ದಾರಿಯಾಗಿ ಹೋಗಲು ಸುಮಾರು ಮೂವತ್ತೈದು ಕಿಲೋಮೀಟರು. ಹೋಗಿ ಬರಲು ಎಪ್ಪತ್ತು. ಏಳು ಲಕ್ಷ ರೂಪಾಯಿ ಬೆಲೆಯ, ೧,೨೦೦ ಸಿ.ಸಿ.ಯ ಒಂದು ಪೆಟ್ರೋಲು ಕಾರನ್ನು ಕೊಳ್ಳುವುದೆಂದು ಮನೆಯವರು ನಿಶ್ಚಯಿಸಿದ್ದಾರೆ.

ಅಂಗಡಿಯಲ್ಲಿ ಹೇಳುವ ಬೆಲೆ ಏಳು ಲಕ್ಷವಾದರೂ ಗಾಡಿಯು ರಸ್ತೆಗಿಳಿಯುವಾಗ ಖರ್ಚು ಅಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ರಾಜ್ಯದ ಆಜೀವ ತೆರಿಗೆಯು ದೇಶದಲ್ಲಿಯೇ ಹೆಚ್ಚಿನವುಗಳ ಸಾಲಿಗೆ ಸೇರಿದುದು. ಐದು ಲಕ್ಷದಿಂದ ಹತ್ತು ಲಕ್ಷದವರೆಗಿನ ಬೆಲೆಯ ಕಾರಿಗೆ ಶೇಕಡಾ ೧೪ರ ದರದಂತೆ ಹಿಡಿದರೆ ಏಳು ಲಕ್ಷಕ್ಕೆ ರೂ. ೯೮,೦೦೦ ಆಗುತ್ತದೆ, ತೆರಿಗೆಯ ಮೇಲಣ ಸೆಸ್ಸು ಬೇರೆ. ವಿಮೆಯನ್ನೂ ಕೂಡಿಸಿದರೆ ಒಟ್ಟು ಮೊತ್ತವು ಎಂಟು ಲಕ್ಷವನ್ನು ದಾಟುತ್ತದೆ. ಮೂರು ಲಕ್ಷಕ್ಕಿಂತ ಹೆಚ್ಚನ್ನು ಕೈಯಿಂದ ಕೊಟ್ಟು, ಐದು ಲಕ್ಷವನ್ನು ಶೇಕಡಾ ೯ರ ಬಡ್ಡಿಗೆ ಐದು ವರ್ಷದ ಅವಧಿಗೆ ಸಾಲ ತೆಗೆದರೆ ತಿಂಗಳ ಕಂತು ರೂ. ೧೦,೩೭೯. ಅರುವತ್ತು ಕಂತುಗಳಲ್ಲಿ ಕೊಡುವುದು ರೂ. ೬,೨೨,೭೪೦, ಎಂದರೆ ಬಡ್ಡಿಯೇ ಒಂದು ಲಕ್ಷದ ಇಪ್ಪತ್ತೆರಡು ಸಾವಿರಕ್ಕೆ ಮಿಕ್ಕುತ್ತದೆ.

ಇನ್ನು ಪೆಟ್ರೋಲು. ಲೀಟರಿಗೆ ನೂರು ರೂಪಾಯಿಯೆಂದೂ ಲೀಟರಿಗೆ ಹದಿನೈದು ಕಿಲೋಮೀಟರು ಓಡುವುದೆಂದೂ ಲೆಕ್ಕಕ್ಕೆ ಹಿಡಿಯೋಣ. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಹೋಗಿ ಬಂದರೆ ೧,೬೮೦ ಕಿಲೋಮೀಟರು, ೧೧೨ ಲೀಟರು, ರೂ. ೧೧,೨೦೦. ಸಾಲದ ಕಂತಿಗಿಂತಲೂ ಪೆಟ್ರೋಲಿನ ಖರ್ಚೇ ಹೆಚ್ಚೆಂಬುದನ್ನು ಇಲ್ಲಿ ಗಮನಿಸಬೇಕು. ವಿಮೆಗೆ ವರ್ಷಕ್ಕೆ ಹದಿನೈದು ಸಾವಿರವೆಂದು ಇಟ್ಟುಕೊಂಡರೆ ತಿಂಗಳಿಗೆ ರೂ. ೧,೨೫೦, ಸರ್ವಿಸು, ಟಯರು, ಬ್ಯಾಟರಿಗಳಿಗಾಗಿ ತಿಂಗಳಿಗೆ ರೂ. ೧,೫೦೦ ತೆಗೆದಿರಿಸಿದರೆ ಅದು ಅತಿಯೇನೂ ಆಗದು. ಒಟ್ಟು ರೂ. ೨೪,೩೨೯. ಕೆಲಸಕ್ಕೆ ಹೋಗುವ ಒಂದೊಂದು ದಿನಕ್ಕೂ ಸಾವಿರ ರೂಪಾಯಿಗಿಂತ ಹೆಚ್ಚು.

ಇದೇ ಗಾಡಿಯು ಕಾಪುವಿನ ಮನೆಯಲ್ಲಿದ್ದರೆ ಮಣಿಪಾಲಕ್ಕೆ ಹೋಗಿ ಬರಲು ಸುಮಾರು ಮೂವತ್ತಾರು ಕಿಲೋಮೀಟರು, ಪೆಟ್ರೋಲಿಗೆ ರೂ. ೫,೭೬೦, ಒಟ್ಟು ರೂ. ೧೮,೮೮೯. ಉಡುಪಿಯ ಪೇಟೆಯ ಮನೆಯಲ್ಲಿದ್ದರೆ ಹೋಗಿ ಬರಲು ಹತ್ತೇ ಕಿಲೋಮೀಟರು. ಪೆಟ್ರೋಲಿಗೆ ಬರಿಯ ರೂ. ೧,೬೦೦ ಸಾಕು. ಸವೆತ ಕಡಿಮೆಯೆಂದು ದುರಸ್ತಿಗೆ ಸಾವಿರವನ್ನೇ ಹಿಡಿದರೂ ಒಟ್ಟು ರೂ. ೧೪,೨೨೯ ಆಗುತ್ತದೆ, ಎಂದರೆ ಕೆಲಸದ ಒಂದು ದಿನಕ್ಕೆ ರೂ. ೫೯೩. ಐದು ಕಿಲೋಮೀಟರಿನ ದಾರಿಗೆ ಅಷ್ಟು ಹಣ ಕೊಡುವುದಾದರೆ ದಿನಾಲೂ ಆಟೋರಿಕ್ಷಾದಲ್ಲಿ ಹೋಗಿ ಬಂದರೂ ಕೈಯಲ್ಲಿ ಮಿಗುತ್ತದೆ. ಬಸ್ಸುಗಳ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಉಡುಪಿ ಮಣಿಪಾಲಗಳ ನಡುವೆ ಒಂದು ಬಸ್ಸು ತಪ್ಪಿದರೆ ಇನ್ನೊಂದು ಹಿಂದೆಯೇ ಬರುತ್ತದೆ.

ಗಾಡಿಯ ಬೆಲೆಯು ಇಳಿಯುವುದನ್ನೂ ಮರೆಯಬಾರದು. ವಿಮಾ ದರಪಟ್ಟಿಯ ಕ್ರಮದಂತೆ ಗಾಡಿಯ ಬೆಲೆಯಲ್ಲಿ ಮೊದಲ ಆರು ತಿಂಗಳಲ್ಲಿಯೇ ಶೇಕಡಾ ೫, ವರ್ಷ ತುಂಬುವುದರೊಳಗೆ ೧೫, ಎರಡನೆಯ ವರ್ಷ ೨೦, ಮೂರನೆಯ ವರ್ಷ ೩೦, ನಾಲ್ಕನೆಯ ವರ್ಷ ೪೦, ಐದನೆಯ ವರ್ಷ ೫೦ ಕಳೆಯಲಾಗುತ್ತದೆ. ಸಾಲವು ತೀರುವ ಹೊತ್ತಿಗೆ ಏಳು ಲಕ್ಷದ ಗಾಡಿಯು ಆ ಲೆಕ್ಕದಲ್ಲಿ ಮೂರೂವರೆ ಲಕ್ಷದ್ದಾಗಿ ನಿಂತಿರುತ್ತದೆ. ಚಿನ್ನ ಕೊಂಡಂತೆ, ಹಿತ್ತಲಿಗೆ ಹೊಂದಿದ ಜಾಗ ಕೊಂಡಂತೆ ಇದೂ ಒಂದು ಆಸ್ತಿಯೆಂದು ತಿಳಿಯುವವರು ಈ ಅಂಕೆಗಳನ್ನು ಒಮ್ಮೆ ಓದುವುದೊಳ್ಳೆಯದು.

ಇಷ್ಟನ್ನು ಹೇಳಿದುದು ಕಾರೇ ಬೇಡವೆನ್ನುವುದಕ್ಕಲ್ಲ. ವೃದ್ಧರಿರುವ ಮನೆ, ಬಸ್ಸು ನಿಲ್ಲದ ಒಳನಾಡಿನ ಮನೆ, ರಾತ್ರಿಯ ಪಾಳಿಯ ಕೆಲಸ, ಇಂಥವುಗಳಿಗೆ ಗಾಡಿಯು ನಿಜವಾಗಿಯೂ ಬೇಕು. ಬೇಕಾದುದನ್ನು ಲೆಕ್ಕ ತಿಳಿದು ಕೊಳ್ಳಬೇಕೆಂಬುದಷ್ಟೇ ನಮ್ಮ ಮಾತು.

ವಿಮೆಯ ಕಾಗದದಲ್ಲಿ ಇಲ್ಲದ ಅಂಕಣ

ಈಗ ಕಾಣದ ಲೆಕ್ಕಕ್ಕೆ ಬರೋಣ. ಮೋಟಾರು ವಿಮೆಯಲ್ಲಿ ಎರಡು ಭಾಗಗಳಿವೆ. ಒಂದು, ನಮ್ಮ ಗಾಡಿಯಿಂದ ಪರರಿಗೆ ಆಗುವ ಹಾನಿಗೆ ಹೊಣೆಯಾಗುವ ಮೂರನೆಯವರ ವಿಮೆ. ಇದನ್ನು ಜನರು ಥರ್ಡ್ ಪಾರ್ಟಿ ಎನ್ನುತ್ತಾರೆ. ಇನ್ನೊಂದು, ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ. ಮೊದಲನೆಯದು ಕಡ್ಡಾಯ, ಎರಡನೆಯದು ನಮ್ಮ ಇಚ್ಛೆ. ಬ್ರಿಟನ್ನಿನಲ್ಲಿ ೧೯೩೦ರ ಕಾನೂನು ಈ ಕಡ್ಡಾಯವನ್ನು ತಂದಿತು. ನಮ್ಮ ದೇಶದ ೧೯೩೯ರ ಮೋಟಾರು ವಾಹನಗಳ ಕಾನೂನಿನಲ್ಲಿ ಇದಕ್ಕೆ ಒಂದು ಅಧ್ಯಾಯವಿದ್ದರೂ ಅದು ಜಾರಿಗೆ ಬಂದುದು ೧೯೪೬ನೆಯ ಜುಲೈ ೧ರಂದು. ಈಗ ನಡೆಯುತ್ತಿರುವುದು ೧೯೮೮ರ ಕಾನೂನು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವರ ವಿಮೆಯನ್ನು ಒಮ್ಮೆಗೇ ತೆಗೆಯಬೇಕಾಗಿದೆ.

ಈ ಕಡ್ಡಾಯ ವಿಮೆಯ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ೧,೦೦೦ ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ ರೂ. ೨,೦೯೪, ೧,೫೦೦ ಸಿ.ಸಿ.ಯವರೆಗಿನದಕ್ಕೆ ರೂ. ೩,೪೧೬, ಅದಕ್ಕೂ ದೊಡ್ಡದಕ್ಕೆ ರೂ. ೭,೮೯೭ ಎಂದಿದೆ. ನಾವು ಹೇಳಿದ ೧,೨೦೦ ಸಿ.ಸಿ.ಯ ಹೊಸ ಕಾರಿಗೆ ಮೂರು ವರ್ಷಕ್ಕೆ ರೂ. ೧೦,೬೪೦, ಇದರ ಮೇಲೆ ಶೇಕಡಾ ೧೮ರ ಜಿ.ಎಸ್.ಟಿ.

ವಾಚಕರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಇದರಲ್ಲಿ ಎಂಜಿನಿನ ಅಳತೆಯಿದೆ. ಚಾಲಕನ ವಯಸ್ಸು ಎಲ್ಲಿಯೂ ಇಲ್ಲ. ನಲುವತ್ತು ವರ್ಷ ಗಾಡಿ ನಡೆಸಿದ ತಂದೆಗೂ, ನಿನ್ನೆ ಲೈಸನ್ಸು ಪಡೆದ ಮಗನಿಗೂ ಒಂದೇ ದರ. ಸ್ವಂತ ಹಾನಿಯ ಭಾಗದಲ್ಲಿಯೂ ಮುಖ್ಯವಾಗಿ ನೋಡುವುದು ಗಾಡಿಯ ಬೆಲೆ, ಅದರ ಪ್ರಾಯ, ಎಂಜಿನು, ನೋಂದಣಿಯ ಊರು ಇವುಗಳನ್ನೇ.

ಹೊರದೇಶಗಳಲ್ಲಿ ಹೀಗಲ್ಲ. ಬ್ರಿಟನ್ನಿನಲ್ಲಿ ಹದಿನೇಳು ವರ್ಷಕ್ಕೆ ಕಾರು ನಡೆಸಲು ಅನುಮತಿಯುಂಟು. ಆದರೆ ವಿಮಾ ಕಂಪೆನಿಯು ಆ ಪ್ರಾಯದ ಚಾಲಕನಿಗೆ ಅನುಭವಸ್ಥರ ಎರಡು ಮೂರು ಮಡಿ ಕಂತನ್ನು ಹೇಳುವುದುಂಟು. ಅಲ್ಲಿ ಅನೇಕ ತರುಣರು ಕಂತು ತಗ್ಗಲೆಂದು ಗಾಡಿಯೊಳಗೆ ವೇಗವನ್ನೂ ಬ್ರೇಕು ಹಾಕುವ ರೀತಿಯನ್ನೂ ಬರೆದಿಡುವ ಒಂದು ಪೆಟ್ಟಿಗೆಯನ್ನು ಇಡಿಸಿಕೊಳ್ಳುತ್ತಾರೆ. ಅಮೇರಿಕದಲ್ಲಿ ಮನೆಯ ವಿಮೆಗೆ ಹದಿಹರೆಯದ ಮಗನ ಹೆಸರನ್ನು ಸೇರಿಸಿದರೆ ಕಂತು ಒಮ್ಮೆಗೇ ಏರುತ್ತದೆ. ಒಳ್ಳೆಯ ಅಂಕ ಪಡೆಯುವ ವಿದ್ಯಾರ್ಥಿಗೆ ಸ್ವಲ್ಪ ರಿಯಾಯಿತಿ ಕೊಡುವ ಕಂಪೆನಿಗಳೂ ಅಲ್ಲಿವೆ. ಕಂಪೆನಿಗಳಿಗೆ ತರುಣರ ಮೇಲೆ ದ್ವೇಷವಿಲ್ಲ. ಐದರಿಂದ ಇಪ್ಪತ್ತೊಂಬತ್ತು ವರ್ಷದವರೆಗಿನವರ ಮರಣಕ್ಕೆ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ರಸ್ತೆಯ ಅಪಘಾತಗಳೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಕಂಪೆನಿಯು ತಾನು ತೆರಬೇಕಾಗುವ ಪರಿಹಾರವನ್ನು ಮೊದಲೇ ಎಣಿಸಿ ಬಿಲ್ಲಿನಲ್ಲಿ ಕಾಣಿಸುತ್ತದೆ. ಆ ಬಿಲ್ಲನ್ನು ನೋಡಿದ ತಂದೆಯೂ ಮಗನೂ ಒಂದು ಕ್ಷಣವಾದರೂ ಯೋಚಿಸುತ್ತಾರೆ.

ನಮ್ಮಲ್ಲಿ ಆ ಎಚ್ಚರಿಕೆಯು ಕಾಗದದ ಮೇಲೆ ಬರುವುದಿಲ್ಲ. ಕಂತು ಕಡಿಮೆಯೆಂದು ನಾವು ಸಂತೋಷಪಡಬಹುದು. ಆದರೆ ಬರೆಯದಿದ್ದ ಮಾತ್ರಕ್ಕೆ ಆ ವೆಚ್ಚವೇ ಇಲ್ಲವೆಂದಾಗುವುದಿಲ್ಲ. ವಿಮಾ ಕಂಪೆನಿಯು ಎಣಿಸದೆ ಬಿಟ್ಟುದನ್ನು ಮನೆಯ ಹಿರಿಯರು ಎಣಿಸಬೇಕಾಗಿದೆ.

ಮೂವತ್ತೆಂಟು ಲಕ್ಷದ ಒಂದು ಕ್ಷಣ

ಅದನ್ನು ಎಣಿಸುವ ಬಗೆ ಹೇಗೆ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಅನುಸರಿಸುವ ಕ್ರಮವೇ ನಮಗೆ ದಾರಿ ತೋರಿಸುತ್ತದೆ. ಕಾಪುವಿನ ಹೆದ್ದಾರಿಯ ಅಂಚಿನಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಇಪ್ಪತ್ತೆಂಟು ವರ್ಷದ ಒಬ್ಬ ಗೃಹಸ್ಥನು ಕಾರು ಬಡಿದು ತೀರಿಹೋದನೆಂದು ಊಹಿಸಿರಿ. ಅವನಿಗೆ ತಿಂಗಳಿಗೆ ಇಪ್ಪತ್ತು ಸಾವಿರ ಸಂಪಾದನೆ. ಹೆಂಡತಿ, ಇಬ್ಬರು ಮಕ್ಕಳು. ವರ್ಷದ ಆದಾಯ ರೂ. ೨,೪೦,೦೦೦. ಸರ್ವೋಚ್ಚ ನ್ಯಾಯಾಲಯದ ೨೦೧೭ರ ತೀರ್ಪಿನಂತೆ ನಲುವತ್ತಕ್ಕೆ ಕೆಳಗಿನ ನಿಗದಿ ಸಂಬಳದವನಿಗೆ ಮುಂದಿನ ಏಳಿಗೆಗಾಗಿ ಶೇಕಡಾ ೪೦ ಕೂಡಿಸಬೇಕು, ರೂ. ೩,೩೬,೦೦೦. ಅದೇ ನ್ಯಾಯಾಲಯದ ೨೦೦೯ರ ತೀರ್ಪಿನಂತೆ ಮೂವರು ಅವಲಂಬಿತರಿದ್ದಾಗ ಅವನ ಸ್ವಂತ ಖರ್ಚಿಗೆಂದು ಮೂರರಲ್ಲೊಂದು ಪಾಲನ್ನು ಕಳೆಯಬೇಕು; ಉಳಿದುದು ರೂ. ೨,೨೪,೦೦೦. ಅವನ ಪ್ರಾಯಕ್ಕೆ ಗುಣಕ ೧೭. ಗುಣಿಸಿದರೆ ರೂ. ೩೮,೦೮,೦೦೦. ಅಂತ್ಯಕ್ರಿಯೆ ಮೊದಲಾದವುಗಳ ಮೊತ್ತವೂ ಬಡ್ಡಿಯೂ ಇದರ ಮೇಲೆ.

ಹೋದ ಜೀವಕ್ಕೆ ಇದು ಬೆಲೆಯಲ್ಲ. ಆ ವಿಧವೆಯ ದುಃಖವನ್ನು ಯಾವ ಮಂಡಳಿಯೂ ಎಣಿಸಲಾರದು. ಆದರೆ ಅವಳ ಮಕ್ಕಳ ಊಟ, ವಿದ್ಯೆಗಳಿಗೆ ಬೇಕಾದ ಈ ಹಣವನ್ನು ಕೊಡುವವರಾರು? ವರ್ಷಕ್ಕೆ ರೂ. ೩,೪೧೬ರ ವಿಮೆಯು ಸರಿಯಾಗಿದ್ದು, ಚಾಲಕನಲ್ಲಿ ಸರಿಯಾದ ಲೈಸನ್ಸಿದ್ದರೆ ವಿಮಾ ಕಂಪೆನಿಯು ಕೊಡುತ್ತದೆ. ಸಾವು ನೋವುಗಳ ವಿಷಯದಲ್ಲಿ ಈ ಹೊಣೆಗೆ ಮಿತಿಯಿಲ್ಲ. ವಿಮೆಯೇ ಇಲ್ಲದಿದ್ದರೆ ಗಾಡಿಯ ಒಡೆಯನೇ ಕೊಡಬೇಕು. ವಿಮೆಯಿದ್ದು ಲೈಸನ್ಸಿಲ್ಲದವನ ಕೈಗೆ ಒಡೆಯನೇ ಗಾಡಿಯನ್ನು ಕೊಟ್ಟಿದ್ದರೆ ಏನಾಗುತ್ತದೆ? ಕಂಪೆನಿಯು ಮೊದಲು ಸಂತ್ರಸ್ತರಿಗೆ ಕೊಟ್ಟು ಆಮೇಲೆ ಒಡೆಯನಿಂದ ವಸೂಲು ಮಾಡಿಕೊಳ್ಳಬಹುದೆಂಬ ಕ್ರಮವು ೨೦೦೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಗಟ್ಟಿಯಾಗಿದೆ. ವಸೂಲು ಎಂದರೆ ಮನೆ, ಜಾಗ, ಬ್ಯಾಂಕಿನ ಠೇವಣಿ ಎಲ್ಲವೂ ಆ ಮಾತಿನೊಳಗೆ ಬಂದಂತೆ. ಕಲಿಯುವವರ ಲೈಸನ್ಸಿದ್ದು, ಬಗಲಲ್ಲಿ ಲೈಸನ್ಸುಳ್ಳ ಹಿರಿಯರು ಕುಳಿತು, ಗಾಡಿಗೆ ಕೆಂಪು "ಎಲ್" ಫಲಕವನ್ನು ಹಾಕಿ ನಡೆಸಿದರೆ ಅದು ಕಾನೂನಿಗೆ ಒಪ್ಪಿತವೇ. ಅದೊಂದೂ ಇಲ್ಲದೆ, "ಇಲ್ಲೇ ಪೇಟೆಯವರೆಗೆ ಹೋಗಿ ಬರಲಿ" ಎಂದು ಬಿಟ್ಟುಕೊಡುವುದೇ ಅಪಾಯಕರ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿನವಾಗಿದೆ. ೨೦೧೯ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರು ಗಾಡಿ ನಡೆಸಿ ಅಪರಾಧ ಮಾಡಿದರೆ ತಂದೆತಾಯಿಗಳನ್ನು ಅಥವಾ ಗಾಡಿಯ ಒಡೆಯನನ್ನು ತಪ್ಪಿತಸ್ಥರೆಂದು ತಿಳಿಯಲಾಗುತ್ತದೆ. ಮೂರು ವರ್ಷದವರೆಗೆ ಸೆರೆಮನೆ, ಇಪ್ಪತ್ತೈದು ಸಾವಿರ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿಯ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸನ್ಸಿಲ್ಲ. ಮಗನು ಹದಿನಾರಕ್ಕೇ ಗಾಡಿ ನಡೆಸುವನೆಂದು ನೆಂಟರ ಮುಂದೆ ಹೆಮ್ಮೆಪಡುವವರು ಇದನ್ನು ನೆನಪಿನಲ್ಲಿಡಬೇಕು.

ತಿಳಿಯದೆ ತಪ್ಪಿಹೋಗುವ ರಕ್ಷಣೆಗಳು

ವಿಮೆಯ ಕಾಗದವು ಕಪಾಟಿನಲ್ಲಿದ್ದರೂ ರಕ್ಷಣೆಯು ಕೈತಪ್ಪುವ ಸಂದರ್ಭಗಳು ಕೆಲವಿವೆ. ಇವು ತರುಣರಿರುವ ಮನೆಗಳಲ್ಲಿಯೇ ಹೆಚ್ಚಾಗಿ ಒದಗುತ್ತವೆ.

ಗಾಡಿಯು ತಂದೆಯ ಹೆಸರಿನಲ್ಲಿದ್ದರೆ "ಒಡೆಯ-ಚಾಲಕ"ನ ಹದಿನೈದು ಲಕ್ಷದ ಅಪಘಾತ ವಿಮೆಯು ತಂದೆಗೆ ಮಾತ್ರ ಸಲ್ಲುತ್ತದೆ. ಅದೇ ಗಾಡಿಯನ್ನು ನಡೆಸುವ ಮಗನಿಗೆ ಏನಾದರೂ ಆದರೆ ಅದರಿಂದ ಕಾಸೂ ಬಾರದು. ಮಗನ ಅಥವಾ ಮಗಳ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆಯನ್ನು ಮಾಡಿಸಿಡುವುದು ಅವಶ್ಯ.

ಕಡ್ಡಾಯದ ಮೂರನೆಯವರ ವಿಮೆಯನ್ನಷ್ಟೇ ಮಾಡಿಸಿದ ಖಾಸಗಿ ವಾಹನದಲ್ಲಿ ಪುಕ್ಕಟೆಯಾಗಿ ಕುಳಿತು ಬರುವವರಿಗೆ ಆ ವಿಮೆಯು ಹೊಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಹೇಳಿತು. ಮಣಿಪಾಲದ ಗೆಳೆಯರು ನಾಲ್ವರನ್ನು ಕೂರಿಸಿಕೊಂಡು ಆಗುಂಬೆಗೋ ಮಲ್ಪೆಗೋ ಹೊರಡುವ ತರುಣನ ಗಾಡಿಗೆ ಆದುದರಿಂದ ಎರಡೂ ಭಾಗಗಳುಳ್ಳ ಪೂರ್ಣ ವಿಮೆಯೇ ಬೇಕು. ಹಳೆಯ ಗಾಡಿಯೆಂದು ಇದರಲ್ಲಿ ಉಳಿತಾಯ ಮಾಡತಕ್ಕದ್ದಲ್ಲ.

ಬಿಳಿಯ ನಂಬರ್ ಫಲಕದ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಖಾಸಗಿ ವಿಮೆಯ ಶರತ್ತು ಮುರಿದಂತಾಗುತ್ತದೆ. ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಟ್ಟು ನಾಲ್ಕು ಕಾಸು ಸಂಪಾದಿಸಿದರೆ ಪೆಟ್ರೋಲಿನ ಖರ್ಚಾದರೂ ಹುಟ್ಟಲಿ ಎಂಬ ಆಸೆಯು ತರುಣರಿಗೆ ಬರುವುದುಂಟು. ಆ ದಾರಿಯಲ್ಲಿ ಅನಾಹುತವಾದರೆ ಕಂಪೆನಿಯು ಕೈ ಹಿಂದೆಗೆಯಬಹುದು.

ಮೊದಲ ಗಾಡಿಯಾಗಿ ಹಳೆಯದನ್ನು ಕೊಳ್ಳುವುದು ಜಾಣತನವೇ. ಕಲಿಯುವ ಕೈಯ ಗೀರು ತರಚುಗಳು ಹೊಸ ಗಾಡಿಯ ಮೇಲೆ ಬೀಳುವುದು ತಪ್ಪುತ್ತದೆ, ಬೆಲೆಯ ಇಳಿತವೂ ಹಿಂದಿನವನ ತಲೆಗೆ ಹೋಗಿರುತ್ತದೆ. ಆದರೆ ಕೊಂಡ ಹದಿನಾಲ್ಕು ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಮಾರಿದವನಿಗೂ ಎಚ್ಚರ ಬೇಕು: ನೋಂದಣಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆಗಾರನೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಹಣ ಕೈಸೇರಿತೆಂದು ಸುಮ್ಮನೆ ಕುಳಿತರೆ ಕಂಡರಿಯದವನ ಅಪಘಾತಕ್ಕೆ ನಾವು ನ್ಯಾಯಾಲಯದ ಮೆಟ್ಟಲು ಹತ್ತಬೇಕಾದೀತು.

ಮಳೆಗಾಲದ ಮಾತೂ ಒಂದಿದೆ. ನಮ್ಮ ಉಡುಪಿಯ ಕಡೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ತಗ್ಗಿನ ನೀರಿನಲ್ಲಿ ಎಂಜಿನು ನಿಂತುಹೋದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು. ಹಾಗೆ ಮಾಡಿದರೆ ನೀರು ಒಳಹೊಕ್ಕು ಎಂಜಿನು ಕೆಡುತ್ತದೆ. ಎಂಜಿನ್ ರಕ್ಷಣೆಯ ಬೇರೆ ಭಾಗವನ್ನು ಸೇರಿಸಿಕೊಂಡಿರದಿದ್ದರೆ ಇಂಥ ಹಾನಿಯನ್ನು ಕಂಪೆನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ತಳ್ಳಿಸಿ ದಡ ಸೇರಿಸಿದರೆ ನೂರಾರು ರೂಪಾಯಿಗಳಲ್ಲಿ ಮುಗಿಯುವ ಕೆಲಸವು ಅವಸರದಿಂದ ಲಕ್ಷದವರೆಗೆ ಹೋಗಬಹುದು.

ತಾಳ್ಮೆಗೆ ದೊರೆಯುವ ರಿಯಾಯಿತಿ

ನಮ್ಮ ವಿಮಾ ಪದ್ಧತಿಯು ಪ್ರಾಯಕ್ಕೆ ದಂಡ ಹಾಕದಿದ್ದರೂ ಒಳ್ಳೆಯ ನಡತೆಗೆ ಬಹುಮಾನವನ್ನು ಕೊಡುತ್ತದೆ. ಒಂದು ವರ್ಷ ಏನನ್ನೂ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ ೨೦, ಮುಂದೆ ಕ್ರಮವಾಗಿ ೨೫, ೩೫, ೪೫, ಐದು ವರ್ಷಕ್ಕೆ ೫೦ ರಿಯಾಯಿತಿ. ಇದನ್ನು ನೋ ಕ್ಲೇಮ್ ಬೋನಸ್ಸು ಎನ್ನುತ್ತಾರೆ. ಇದು ಗಾಡಿಗೆ ಸೇರಿದುದಲ್ಲ, ಒಡೆಯನಿಗೆ ಸೇರಿದುದು. ಹಳೆಯ ಗಾಡಿಯನ್ನು ಮಾರಿ ಹೊಸದನ್ನು ಕೊಂಡರೂ ಜೊತೆಯಲ್ಲಿ ಬರುತ್ತದೆ. ವಿಮೆಯ ಅವಧಿ ಮುಗಿದು ತೊಂಬತ್ತು ದಿನ ಕಳೆದರೆ ಮಾತ್ರ ಕೈಬಿಟ್ಟುಹೋಗುತ್ತದೆ.

ಬಾಗಿಲಿಗೆ ಗೀರು ಬಿದ್ದು ಮೂರು ಸಾವಿರದ ದುರಸ್ತಿಯಾಯಿತೆನ್ನೋಣ. ನಮ್ಮ ಅಳತೆಯ ಕಾರಿನಲ್ಲಿ ಮೊದಲ ಸಾವಿರವು ಹೇಗೂ ನಮ್ಮದೇ. ಕಂಪೆನಿಯಿಂದ ಬರುವುದು ಎರಡು ಸಾವಿರ. ಆ ಎರಡು ಸಾವಿರಕ್ಕಾಗಿ ಎಂಟು ಸಾವಿರದ ಕಂತಿನಲ್ಲಿ ಶೇಕಡಾ ೨೦, ಎಂದರೆ ರೂ. ೧,೬೦೦, ಆ ವರ್ಷವೇ ಹೋಯಿತು. ಮುಂದಿನ ವರ್ಷಗಳ ಮೆಟ್ಟಲುಗಳನ್ನೂ ಕೆಳಗಿನಿಂದ ಹತ್ತಬೇಕು. ಸಣ್ಣ ಗಾಯಕ್ಕೆ ಮನೆಯ ಮದ್ದೇ ಲೇಸು. ೨೦೨೨ರ ಜುಲೈಯಿಂದ ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ತಕ್ಕಂತೆ ಸ್ವಂತ ಹಾನಿಯ ಕಂತನ್ನು ಗೊತ್ತುಮಾಡಲು ವಿಮಾ ನಿಯಂತ್ರಕರು ಕಂಪೆನಿಗಳಿಗೆ ಅವಕಾಶ ಕೊಟ್ಟಿದ್ದಾರೆ. ಕಡಿಮೆ ಓಡುವ ಉಡುಪಿಯ ಮನೆಯ ಗಾಡಿಗೆ ಇದು ವಿಚಾರಿಸತಕ್ಕ ವಿಷಯ.

ಮನೆಯೇ ಹಾಕಿಕೊಳ್ಳಬೇಕಾದ ಕಂತು

೧೯೨೮ರಲ್ಲಿ ನಮ್ಮ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು, ಎಂದರೆ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು, ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜಂಟನು ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದನು. ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದೊಡ್ಡ ಖರ್ಚನ್ನು ದಿನದ ಚಿಲ್ಲರೆಯಾಗಿ ಒಡೆದು ಕೂಡಿಸುವ ಆ ವಿವೇಕವು ಈ ಊರಿನ ರಕ್ತದಲ್ಲಿ ಉಳಿದಿದೆ.

ವಿಮಾ ಕಂಪೆನಿಯು ಪ್ರಾಯಕ್ಕೆಂದು ಹೆಚ್ಚಿನ ಕಂತನ್ನು ಕೇಳದಿದ್ದರೆ ಮನೆಯೇ ಅದನ್ನು ಕೇಳಲಿ ಎಂಬುದು ನಮ್ಮ ಸಲಹೆ. ಗಾಡಿ ನಡೆಸುವ ಮಗನೋ ಮಗಳೋ ದಿನಕ್ಕೆ ಐವತ್ತು ರೂಪಾಯಿಯನ್ನು ತನ್ನ ಸಂಪಾದನೆಯಿಂದ ಬೇರೆಯೇ ಠೇವಣಿಗೆ ಹಾಕಲಿ. ವರ್ಷಕ್ಕೆ ರೂ. ೧೮,೨೫೦ ಆಗುತ್ತದೆ. ಪೂರ್ಣ ವಿಮೆಯ ಕಂತು, ಅಪಘಾತ ವಿಮೆ, ಗೀರು ತರಚುಗಳ ದುರಸ್ತಿ ಎಲ್ಲವೂ ಅದರಿಂದಲೇ ಸಲ್ಲಲಿ. ತನ್ನ ಕೈಯ ತಪ್ಪಿಗೆ ತನ್ನ ಗಂಟಿನಿಂದಲೇ ತೆರಬೇಕಾದಾಗ ಕಾಲು ತಾನ�ಾಗಿಯೇ ಬ್ರೇಕನ್ನು ಹುಡುಕುತ್ತದೆ.

ಇದರೊಂದಿಗೆ ಹಣವಲ್ಲದ ಕಂತುಗಳೂ ಕೆಲವಿರಲಿ. ಲೈಸನ್ಸು ಕೈಗೆ ಬರುವವರೆಗೆ ಕೀಲಿಕೈ ಹಿರಿಯರ ಬಳಿಯಲ್ಲಿಯೇ ಇರಲಿ. ಲೈಸನ್ಸು ಬಂದ ಮೇಲೆಯೂ ಮೊದಲ ಆರು ತಿಂಗಳು ರಾತ್ರಿಯ ಹೆದ್ದಾರಿಗೂ ಘಟ್ಟದ ರಸ್ತೆಗೂ ಅನುಭವಸ್ಥರೊಬ್ಬರು ಜೊತೆಗಿರಲಿ. ಮೊದಲ ಮಳೆಗಾಲವನ್ನು ಕಲಿಯುವ ಕಾಲವೆಂದೇ ಎಣಿಸಲಿ. ಗೆಳೆಯರು ಎಷ್ಟೇ ಆಪ್ತರಾಗಿರಲಿ, ಅವರ ಕೈಗೆ ಗಾಡಿಯನ್ನು ಕೊಡುವುದಿಲ್ಲವೆಂಬ ನಿಯಮವನ್ನು ಮನೆಯ ಹೆಸರಿನಲ್ಲಿಯೇ ಮಾಡಿಬಿಡಲಿ. "ಅಪ್ಪ ಬಿಡುವುದಿಲ್ಲ" ಎಂದು ಹೇಳಿ ದಾಕ್ಷಿಣ್ಯದಿಂದ ಪಾರಾಗಲು ತರುಣನಿಗೆ ಅದು ಒಳ್ಳೆಯ ನೆವವೂ ಆಗುತ್ತದೆ. ವಿಮೆಯ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡುವ ಹೊಣೆಯನ್ನು ಮನೆಯ ಲೆಕ್ಕವನ್ನು ನೋಡಿಕೊಳ್ಳುವ ಗೃಹಿಣಿಯು ವಹಿಸಿಕೊಂಡರೆ ಅದು ತಪ್ಪಲಾರದೆಂದು ನಮಗೆ ಭರವಸೆಯಿದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದುದು ಸಾಲದ ಕಂತಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಅಪಾಯವನ್ನು ಹೊರುವ ಶಕ್ತಿಗೂ ಒಂದು ಹಾಸಿಗೆಯುಂಟು. ನಮ್ಮ ವಾಚಕರಲ್ಲಿ ಈ ವರ್ಷ ಗಾಡಿ ಕೊಳ್ಳಬೇಕೆಂದಿರುವವರು ಮುಂಗಡವನ್ನು ಕೊಡುವ ಮೊದಲು ಒಂದು ಸಂಜೆ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು, ಒಂದು ಹಾಳೆಯ ಒಂದು ಬದಿಯಲ್ಲಿ ತಿಂಗಳ ಖರ್ಚನ್ನೂ ಇನ್ನೊಂದು ಬದಿಯಲ್ಲಿ ಮನೆಯ ಶರತ್ತುಗಳನ್ನೂ ಬರೆದು, ಕೆಳಗೆ ಎಲ್ಲರೂ ರುಜು ಹಾಕಲಿ. ಆ ಹಾಳೆಗೆ ಸ್ಟಾಂಪು ಬೇಕಾಗಿಲ್ಲ. ವಿಮೆಯ ಕಾಗದದ ಜೊತೆಗೆ ಒಂದೇ ಲಕೋಟೆಯಲ್ಲಿಟ್ಟರೆ ಸಾಕು.